ಎತ್ತಿಗೆ ಜ್ವರ, ಎಮ್ಮೆಗೆ ಬರೆ

2007ರಲ್ಲಿ ಆ್ಯಪಲ್ ಕಂಪನಿ ಅಮೆರಿಕದ ಟೀವಿಗಳಲ್ಲಿ ಒಂದು ಜಾಹೀರಾತು ಬಿಟ್ಟಿತು. ಪಿಸಿಯ ಪಾತ್ರದಲ್ಲಿ ಕನ್ನಡಕಧಾರಿ ಜಾನ್ ಹಾಡ್ಜ್‌ಮನ್, ಮ್ಯಾಕ್‌ನ ಪಾತ್ರದಲ್ಲಿ ಜಸ್ಟಿನ್ ಲಾಂಗ್. ಪಿಸಿಯ ಬೆನ್ನಿಗೆ ಕಪ್ಪು ಸೂಟು ತೊಟ್ಟ, ಕೂಲಿಂಗ್ ಗ್ಲಾಸ್ ಹಾಕಿದ ಅಂಗರಕ್ಷಕ. ಮ್ಯಾಕ್ ಒಂದು ನಮಸ್ಕಾರ ಹೇಳಿದರೂ ಸಾಕು, ಅಂಗರಕ್ಷಕ ನಡುವೆ ಬಾಯಿ ಹಾಕುತ್ತಾನೆ: ನಮಸ್ಕಾರ ಬಂದಿದೆ, ಒಳಗೆ ಬಿಡಲೋ ಬೇಡವೋ? ಬಿಡು ಎಂದು ಪಿಸಿ ಬೇಸರದಿಂದ ಹೇಳಬೇಕು. ಮುಂದಿನ ಮಾತಿಗೆ ಮತ್ತೆ ಅದೇ ಪ್ರಶ್ನೆ. ಅರ್ಧ ನಿಮಿಷದ ಈ ತಮಾಷೆ ಮೈಕ್ರೋಸಾಫ್ಟ್‌ನ ವಿಂಡೋಸ್ ವಿಸ್ತಾದ ಮಾನ ಕಳೆದಷ್ಟು ಯಾವ ಗಂಭೀರ ವಿಮರ್ಶೆಯೂ ಕಳೆಯಲಿಲ್ಲ. ವಿಸ್ತಾವನ್ನು ಒಂದು ದಿನವಾದರೂ ಬಳಸಿದವರಿಗೆ ಇದರಲ್ಲಿ ಉತ್ಪ್ರೇಕ್ಷೆ ಕಂಡಿರಲಾರದು.

ವಿಸ್ತಾ ಜನಸಾಮಾನ್ಯರ ಕೈಗೆ ಬಂದದ್ದು 2007ರ ಜನವರಿ 30ರಂದು. ಅದಕ್ಕೆ ಹಿಂದಿನ ಎಕ್ಸ್‌ಪಿ ಬಂದು ಆಗಲೇ ಐದು ವರ್ಷ ದಾಟಿತ್ತು. ಗಾಜಿನ ಹಾಗೆ ಹಿಂದಿನದನ್ನೂ ತೋರಿಸುವ ಕಿಟಕಿಗಳು, ಸ್ಟಾರ್ಟ್ ಮೆನುವಿನಲ್ಲೇ ಹುಡುಕಾಟದ ಪೆಟ್ಟಿಗೆ, ಪರದೆಯ ಬಲಬದಿಗೆ ಗಡಿಯಾರ, ಹವಾಮಾನದಂಥ ಪುಟ್ಟ ಗ್ಯಾಜೆಟ್‌ಗಳು ಹೀಗೆ ಹೊಸತನಕ್ಕೇನೂ ಕೊರತೆ ಇರಲಿಲ್ಲ. ಹುಡುಕಾಟದ ಪೆಟ್ಟಿಗೆಯಂತೂ ನಿಜಕ್ಕೂ ಸೊಗಸಾಗಿತ್ತು. ಆದರೆ ಜನ ಮಾತಾಡಿದ್ದೆಲ್ಲ ಮೂರಕ್ಷರದ ಬಗ್ಗೆ: ಯುಎಸಿ, ಅಂದರೆ ಯೂಸರ್ ಅಕೌಂಟ್ ಕಂಟ್ರೋಲ್.

ಅದರ ಕಾಟ ಎಂಥದ್ದೆಂದು ತಿಳಿಯಲು ಒಂದು ಸಣ್ಣ ಕೆಲಸವನ್ನು ಗಮನಿಸಿದರೆ ಸಾಕು. ಹೊಸ ಪ್ರೋಗ್ರಾಮ್ ಹಾಕಿಕೊಂಡಾಗ ಡೆಸ್ಕ್‌ಟಾಪಿನ ಮೇಲೆ ಅದರ ಐಕಾನ್ ಒಂದು ಬಂದು ಕೂರುತ್ತದೆ. ಬೇಡವೆಂದು ಅಳಿಸಲು ಹೋದರೆ ರೀಸೈಕಲ್ ಬಿನ್‌ಗೆ ಹಾಕಲೇ ಎಂದು ವಿಸ್ತಾ ಕೇಳುತ್ತದೆ. ಹೌದು ಎಂದರೆ, ಇದಕ್ಕೆ ಅನುಮತಿ ಬೇಕು, ಮುಂದುವರಿಯಬೇಕೇ ಎನ್ನುತ್ತದೆ. ಅದಕ್ಕೂ ಹೌದೆಂದರೆ ಪರದೆಯಿಡೀ ಮಬ್ಬಾಗಿ ನಡುವೆ ಮತ್ತೊಂದು ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಅಳಿಸುತ್ತಿರುವುದು ಒಂದು ಶಾರ್ಟ್‌ಕಟ್, ಪ್ರೋಗ್ರಾಮನ್ನೂ ಅಲ್ಲ! ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ಹೊಸ ಫೋಲ್ಡರ್ ಮಾಡಿ ಹೆಸರಿಡುವುದಕ್ಕೆ ನಾಲ್ಕು ಸಲ ಒಪ್ಪಿಗೆ ಕೊಡಬೇಕಾಗಿತ್ತು. 2008ರಲ್ಲಿ ಬಂದ ಮೊದಲ ಸರ್ವಿಸ್ ಪ್ಯಾಕ್ ಅದನ್ನು ಒಂದಕ್ಕೆ ಇಳಿಸಿತು. ನಾಲ್ಕನ್ನು ಒಂದು ಮಾಡಲು ಸಾಧ್ಯವಿತ್ತು ಎಂದಾದರೆ ಮೊದಲೇ ಯಾಕೆ ಮಾಡಲಿಲ್ಲ ಎಂದು ಕೇಳುವ ಹಕ್ಕು ದುಡ್ಡು ಕೊಟ್ಟು ಕೊಂಡವರಿಗಿತ್ತು.

ಹಾಗೆಂದು ಮೈಕ್ರೋಸಾಫ್ಟ್‌ಗೆ ಈ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ವರ್ಮ್ ಇಂಟರ್‌ನೆಟ್ಟಿನಲ್ಲಿ ಹರಡಿತು. ಮೇಲ್ ತೆರೆಯುವುದೂ ಬೇಡ, ಏನನ್ನೂ ಕ್ಲಿಕ್ ಮಾಡುವುದೂ ಬೇಡ. ಪ್ಯಾಚ್ ಹಾಕದ, ಫೈರ್‌ವಾಲ್ ಇಲ್ಲದ ಎಕ್ಸ್‌ಪಿ ಕಂಪ್ಯೂಟರ್ ನೆಟ್‌ಗೆ ಸಿಕ್ಕಿದ್ದರೆ ಸಾಕಿತ್ತು. ಅರವತ್ತು ಸೆಕೆಂಡಿನಲ್ಲಿ ಬಂದ್ ಆಗುತ್ತೇನೆ ಎಂಬ ನೋಟಿಸು ಪರದೆಯ ಮೇಲೆ ಬರುತ್ತಿತ್ತು, ಅದರಂತೆಯೇ ಕಂಪ್ಯೂಟರ್ ಬಂದ್ ಆಗಿ ಮತ್ತೆ ಶುರುವಾಗುತ್ತಿತ್ತು. ದುಡ್ಡು ಮಾಡುವುದನ್ನು ಬಿಟ್ಟು ನಿನ್ನ ಸಾಫ್ಟ್‌ವೇರ್ ಸರಿಮಾಡು ಎಂದು ಬಿಲ್ ಗೇಟ್ಸ್‌ಗೆ ಬೈಗುಳವನ್ನೂ ಆ ವರ್ಮ್ ಬರೆದವನು ಕೋಡಿನೊಳಗೆ ಸೇರಿಸಿದ್ದ. ಮರುವರ್ಷ ಸ್ಯಾಸರ್ ಎಂಬ ಇನ್ನೊಂದು ವರ್ಮ್ ಬಂತು. ಹೊಸ ಸವಲತ್ತೋ ಸುರಕ್ಷತೆಯೋ ಎಂಬ ಪ್ರಶ್ನೆ ಬಂದಾಗ ಸುರಕ್ಷತೆಯನ್ನೇ ಆರಿಸಿ ಎಂದು ಗೇಟ್ಸ್ ತಮ್ಮ ನೌಕರರಿಗೆಲ್ಲ 2002ರ ಜನವರಿಯಲ್ಲೇ ಪತ್ರ ಬರೆದಿದ್ದರು. ಆ ಪತ್ರದ ಫಲವನ್ನು ಪೂರ್ತಿಯಾಗಿ ಉಂಡ ಮೊದಲ ವಿಂಡೋಸ್ ವಿಸ್ತಾ.

ರೋಗದ ಮೂಲ ಇನ್ನೂ ಹಳೆಯದು. ವಿಂಡೋಸ್ 95, 98ರಲ್ಲಿ ಕಂಪ್ಯೂಟರ್ ಮುಂದೆ ಕೂತವರೆಲ್ಲರೂ ಯಜಮಾನರೇ. ಎಕ್ಸ್‌ಪಿಯಲ್ಲಿ ಸೀಮಿತ ಅಧಿಕಾರದ ಖಾತೆ ಇತ್ತಾದರೂ ಮನೆಗಳಲ್ಲಿ ತಾನಾಗಿ ಸಿಗುತ್ತಿದ್ದದ್ದು ಅಡ್ಮಿನಿಸ್ಟ್ರೇಟರ್ ಖಾತೆಯೇ. ಯಜಮಾನ ತೆರೆದ ಯಾವ ಫೈಲಿಗೂ ಯಜಮಾನನಷ್ಟೇ ಅಧಿಕಾರ. ಅದರಲ್ಲಿ ವೈರಸ್ ಇದ್ದರೆ ಅದಕ್ಕೂ ಅಷ್ಟೇ. ಪ್ರೋಗ್ರಾಮ್ ಬರೆಯುವವರು ಇದಕ್ಕೇ ಒಗ್ಗಿಹೋಗಿದ್ದರು. ಒಂದು ಆಟದ ಸ್ಕೋರು ಬರೆದಿಡಲೂ ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ಕೈಹಾಕುವುದು, ಫಾಂಟ್ ಗಾತ್ರ ನೆನಪಿಡಲೂ ಇಡೀ ಯಂತ್ರಕ್ಕೆ ಸೇರಿದ ರಿಜಿಸ್ಟ್ರಿಯನ್ನು ತಿದ್ದುವುದು ಮಾಮೂಲಾಗಿತ್ತು.

ವಿಸ್ತಾ ಇದನ್ನು ತಿರುವಿಹಾಕಿತು. ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆದವರಿಗೂ ದಿನದ ಕೆಲಸಕ್ಕೆ ಸಾಮಾನ್ಯ ಬಳಕೆದಾರರ ಅಧಿಕಾರವನ್ನಷ್ಟೇ ಕೊಟ್ಟಿತು. ಪೂರ್ಣ ಅಧಿಕಾರ ಬೇಕಾದಾಗ ಕೇಳಿ ಪಡೆಯಬೇಕು. ಕೇಳುವಾಗ ಪರದೆ ಮಬ್ಬಾಗುತ್ತಿದ್ದದ್ದು ಶೋಕಿಗಲ್ಲ. ಆ ಕ್ಷಣ ವಿಂಡೋಸ್ ಬೇರೆಯದೇ ಒಂದು ಡೆಸ್ಕ್‌ಟಾಪಿಗೆ ಹೊರಳುತ್ತದೆ, ಹಿಂದೆ ಕಾಣುವುದು ಹಳೆಯ ಡೆಸ್ಕ್‌ಟಾಪಿನ ಬರೀ ಚಿತ್ರ. ಬೇರಾವ ಪ್ರೋಗ್ರಾಮೂ ಅಲ್ಲಿಗೆ ನುಗ್ಗಿ ‘ಕಂಟಿನ್ಯೂ’ ಗುಂಡಿಯನ್ನು ಕಳ್ಳತನದಲ್ಲಿ ಒತ್ತಬಾರದು ಎಂಬುದು ಅದರ ಉದ್ದೇಶ. ದುರ್ಬಲ ಗ್ರಾಫಿಕ್ಸ್ ಇದ್ದ ಯಂತ್ರಗಳಲ್ಲಿ ಈ ಹೊರಳುವಿಕೆಗೆ ಪರದೆ ಒಮ್ಮೆ ಕಪ್ಪಾಗಿ ಕಣ್ಣು ಮಿಟುಕಿಸುತ್ತಿತ್ತು; ಕೂತವರ ಎದೆ ಧಸಕ್ಕೆನ್ನಲು ಅಷ್ಟು ಸಾಕಿತ್ತು. ಹಳೆಯ ಪ್ರೋಗ್ರಾಮ್‌ಗಳಿಗಾಗಿ ಇನ್ನೊಂದು ಉಪಾಯವೂ ಇತ್ತು. ಅವು ‘ಪ್ರೋಗ್ರಾಮ್ ಫೈಲ್ಸ್’ನಲ್ಲಿ ಬರೆಯಹೊರಟರೆ ವಿಸ್ತಾ ಸದ್ದಿಲ್ಲದೆ ಆ ಫೈಲನ್ನು ಬಳಕೆದಾರರ ಸ್ವಂತ ಜಾಗದ ‘ವರ್ಚುವಲ್‌ಸ್ಟೋರ್’ ಎಂಬ ಫೋಲ್ಡರಿಗೆ ಸಾಗಿಸುತ್ತಿತ್ತು. ಫೈಲ್ ತಾನು ಬರೆದಲ್ಲೇ ಇದೆ ಎಂದು ಪ್ರೋಗ್ರಾಮ್ ನಂಬಿಕೊಂಡಿರುತ್ತಿತ್ತು, ಅದನ್ನು ಹುಡುಕುವ ಮನುಷ್ಯ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದ.

ಇಷ್ಟೆಲ್ಲ ಒಳ್ಳೆಯ ಎಂಜಿನಿಯರಿಂಗ್ ಮಾಡಿಯೂ ಜನ ಸಿಟ್ಟಾದದ್ದು ಯಾಕೆ? ಉತ್ತರವನ್ನು ಮೈಕ್ರೋಸಾಫ್ಟ್‌ನವರೇ ಕೊಟ್ಟರು. ಕಂಪನಿಯ ಪ್ರಾಡಕ್ಟ್ ಮ್ಯಾನೇಜರ್ ಡೇವಿಡ್ ಕ್ರಾಸ್ 2008ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಆರ್‌ಎಸ್‌ಎ ಸಮಾವೇಶದಲ್ಲಿ, ಯುಎಸಿಯನ್ನು ತಂದದ್ದೇ ಬಳಕೆದಾರರಿಗೆ ಕಿರಿಕಿರಿ ಮಾಡಲು ಎಂದುಬಿಟ್ಟರು. ತಮಾಷೆಗೆ ಹೇಳುತ್ತಿಲ್ಲ ಎಂದೂ ಸೇರಿಸಿದರು. ಕಿರಿಕಿರಿಯಾದವರು ಪ್ರೋಗ್ರಾಮ್ ಮಾಡಿದ ಕಂಪನಿಗೆ ದೂರು ಕೊಡುತ್ತಾರೆ, ಕಂಪನಿ ತನ್ನ ಪ್ರೋಗ್ರಾಮನ್ನು ತಿದ್ದಿಕೊಳ್ಳುತ್ತದೆ ಎಂಬುದು ಅವರ ಲೆಕ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಶಿಸ್ತು ಕಲಿಯಬೇಕಾದವರು ಪ್ರೋಗ್ರಾಮರುಗಳು, ದಿನಕ್ಕೆ ಹತ್ತು ಸಲ ಬರೆ ತಿಂದವರು ಬಳಕೆದಾರರು.

ಬರೆ ಕೆಲಸ ಮಾಡಿತು ಎಂಬುದನ್ನೂ ಒಪ್ಪಬೇಕು. ಮೈಕ್ರೋಸಾಫ್ಟ್ ಪ್ರಕಟಿಸಿದ ಅಂಕಿಗಳ ಪ್ರಕಾರ 2007ರ ಆಗಸ್ಟಿನಲ್ಲಿ ಅನುಮತಿ ಕೇಳುತ್ತಿದ್ದ ಬೇರೆ ಬೇರೆ ಪ್ರೋಗ್ರಾಮು ಮತ್ತು ಕೆಲಸಗಳು 7,75,312; ಒಂದು ವರ್ಷ ಕಳೆಯುವಷ್ಟರಲ್ಲಿ ಅವು 1,68,149ಕ್ಕೆ ಇಳಿದಿದ್ದವು. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿಯಿತ್ತು: ಕೇಳಿದ್ದಕ್ಕೆಲ್ಲ ನೂರಕ್ಕೆ 89 ಸಲ ಜನ ಹೌದು ಎಂದಿದ್ದರು. ಸರ್ವಿಸ್ ಪ್ಯಾಕ್ ಬಂದು ಪ್ರಶ್ನೆಗಳು ಕಡಿಮೆಯಾದ ಮೇಲೆ ಅದು 91ಕ್ಕೆ ಏರಿತು. ಓದಿ ಹೌದು ಎಂದವರೆಷ್ಟೋ, ಕೈ ಅಭ್ಯಾಸಕ್ಕೆ ಹೌದು ಎಂದವರೆಷ್ಟೋ! ಪ್ರಶ್ನೆಗಳಲ್ಲಿ ಸುಮಾರು ಶೇಕಡಾ 40ರಷ್ಟು ವಿಂಡೋಸ್‌ನ ಸ್ವಂತ ಭಾಗಗಳಿಂದಲೇ ಹುಟ್ಟುತ್ತಿದ್ದವು ಎಂಬುದನ್ನೂ ಕಂಪನಿ ಮುಚ್ಚಿಡಲಿಲ್ಲ. ಬರೆಯ ಒಂದು ಪಾಲು ಅವರ ಬೆನ್ನಿಗೂ ಬೀಳಬೇಕಿತ್ತು.

ವಿಸ್ತಾ ಹೆಸರು ಕೆಡಲು ಯುಎಸಿ ಒಂದೇ ಕಾರಣವಲ್ಲ. ಪ್ರಿಂಟರ್, ಗ್ರಾಫಿಕ್ಸ್ ಕಾರ್ಡುಗಳ ಡ್ರೈವರ್‌ಗಳು ತಯಾರಿರಲಿಲ್ಲ, ಫೈಲ್ ಕಾಪಿ ಮಾಡುವುದು ಕುಂಟುತ್ತಿತ್ತು. ಗಾಜಿನ ಕಿಟಕಿಗಳನ್ನು ತೋರಿಸಲಾಗದ ಲ್ಯಾಪ್‌ಟಾಪ್‌ಗಳ ಮೇಲೂ ‘ವಿಸ್ತಾ ಕೇಪಬಲ್’ ಸ್ಟಿಕ್ಕರು ಹಚ್ಚಿದ್ದಕ್ಕೆ ಕಂಪನಿ ಸಿಯಾಟಲ್‌ನಲ್ಲಿ ಕೋರ್ಟು ಮೆಟ್ಟಿಲು ಹತ್ತಬೇಕಾಯಿತು. ಅಲ್ಲಿ ಬಯಲಾದ ಒಳಗಿನ ಮೇಲ್‌ಗಳಲ್ಲಿ ಉಪಾಧ್ಯಕ್ಷ ಮೈಕ್ ನ್ಯಾಶ್ ಅವರದೂ ಒಂದು: 2,100 ಡಾಲರ್ ಕೊಟ್ಟ ತಮ್ಮ ಲ್ಯಾಪ್‌ಟಾಪ್ ಈಗ ಮೇಲ್ ನೋಡುವುದಕ್ಕಷ್ಟೇ ಲಾಯಕ್ಕು ಎಂದು ಅಲವತ್ತುಕೊಂಡಿದ್ದರು. ಗಿರಾಕಿಗಳ ಒತ್ತಾಯಕ್ಕೆ ಮಣಿದು ಡೆಲ್ 2007ರ ಏಪ್ರಿಲ್‌ನಲ್ಲೇ ಕೆಲವು ಮಾದರಿಗಳಿಗೆ ಮತ್ತೆ ಎಕ್ಸ್‌ಪಿ ಹಾಕಿಕೊಡತೊಡಗಿತು. ಎಕ್ಸ್‌ಪಿ ಉಳಿಸಿ ಎಂಬ ಮನವಿಗೆ ಎರಡು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಮ್ಯಾಕ್ ಮತ್ತು ಉಬುಂಟು ಬಳಸುವವರಿಗೂ ಆಗಾಗ ಪಾಸ್‌ವರ್ಡ್ ಕೊಡಬೇಕಾಗುತ್ತಿತ್ತು, ಆದರೆ ಅಲ್ಲಿ ಗಲಾಟೆ ಇರಲಿಲ್ಲ. ಆ ವ್ಯವಸ್ಥೆಗಳ ಪ್ರೋಗ್ರಾಮುಗಳು ಮೊದಲಿನಿಂದಲೂ ಸೀಮಿತ ಅಧಿಕಾರದಲ್ಲೇ ಬೆಳೆದವು, ಕೇಳುವ ಪ್ರಸಂಗವೇ ಅಪರೂಪ.

2009ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 7 ಯುಎಸಿಗೆ ನಾಲ್ಕು ಮೆಟ್ಟಿಲಿನ ಸ್ಲೈಡರ್ ಕೊಟ್ಟಿತು. ತಾನಾಗಿ ನಿಲ್ಲುವುದು ಮೇಲಿನಿಂದ ಎರಡನೆಯ ಮೆಟ್ಟಿಲಲ್ಲಿ. ವಿಂಡೋಸ್‌ನ ಸೆಟ್ಟಿಂಗುಗಳನ್ನು ಬಳಕೆದಾರರೇ ಬದಲಿಸಿದರೆ ಅಲ್ಲಿ ಪ್ರಶ್ನೆಯಿಲ್ಲ. ಬೀಟಾ ಹಂತದಲ್ಲಿ ಬ್ಲಾಗರ್‌ಗಳಾದ ಲಾಂಗ್ ಜೆಂಗ್ ಮತ್ತು ರಾಫೆಲ್ ರಿವೆರಾ ಇದರ ತೂತನ್ನು ಹಿಡಿದರು. ಆ ಸ್ಲೈಡರ್ ಕೂಡ ಒಂದು ಸೆಟ್ಟಿಂಗೇ ತಾನೆ? ಕೀಬೋರ್ಡ್ ಒತ್ತಿದಂತೆ ನಟಿಸುವ ಪುಟ್ಟ ಸ್ಕ್ರಿಪ್ಟ್ ಅದನ್ನು ಕೆಳಕ್ಕೆಳೆದು ಕಾವಲನ್ನೇ ಬಂದ್ ಮಾಡಿತು, ಒಂದು ಪ್ರಶ್ನೆಯೂ ಬರಲಿಲ್ಲ. ವಿನ್ಯಾಸವೇ ಹಾಗೆ ಎಂದು ಮೊದಲು ವಾದಿಸಿದ ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಪಟ್ಟು ಬಿಟ್ಟಿತು. ಸ್ಲೈಡರ್ ಮುಟ್ಟಿದರೆ ಖಂಡಿತ ಕೇಳುವ ಹಾಗೆ ತಿದ್ದಿತು. ಆದರೆ ಕೇಳದೆಯೇ ಪೂರ್ಣ ಅಧಿಕಾರ ಪಡೆಯುವ ವಿಂಡೋಸ್‌ನ ಸ್ವಂತ ಪ್ರೋಗ್ರಾಮುಗಳು ಉಳಿದೇ ಉಳಿದವು. ದುಷ್ಟ ತಂತ್ರಾಂಶಗಳು ಅವುಗಳ ಬೆನ್ನೇರಿ ಒಳಹೋಗುವ ದಾರಿಗಳನ್ನು ಒಂದಾದ ಮೇಲೊಂದು ಕಂಡುಕೊಂಡವು. ಜನ ಕೇಳಿದ ನೆಮ್ಮದಿ ಸಿಕ್ಕಿತು, ಅದಕ್ಕೆ ಬೆಲೆಯೂ ಬಿತ್ತು.

ಆ ಬಾಕಿಯನ್ನು ತೀರಿಸುವ ಪ್ರಯತ್ನ ಈಗ ನಡೆದಿದೆ. 2024ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆಂದು ‘ಅಡ್ಮಿನಿಸ್ಟ್ರೇಟರ್ ಪ್ರೊಟೆಕ್ಷನ್’ ಘೋಷಿಸಿತು. ಇದರಲ್ಲಿ ಪೂರ್ಣ ಅಧಿಕಾರ ಇರುವುದು ಬಳಕೆದಾರರ ಕಣ್ಣಿಗೆ ಬೀಳದ ಬೇರೊಂದು ಖಾತೆಯಲ್ಲಿ. ಬೇಕಾದ ಕ್ಷಣಕ್ಕೆ, ಬೆರಳಚ್ಚೋ ಪಿನ್ನೋ ಕೊಟ್ಟ ಮೇಲೆ ಮಾತ್ರ ಅದು ಸಿಗುತ್ತದೆ. ವಿಂಡೋಸ್‌ನ ಸ್ವಂತ ಪ್ರೋಗ್ರಾಮುಗಳಿಗೂ ವಿನಾಯಿತಿ ಇಲ್ಲ. ಅಂದರೆ ಪ್ರಶ್ನೆಗಳು ಮತ್ತೆ ಹೆಚ್ಚಲಿವೆ, ಗೊಣಗಾಟವೂ.

ಅಲ್ಲಿಯವರೆಗೆ ಕೈಯಲ್ಲಿರುವ ಉಪಾಯ ಸಣ್ಣದು. ಸ್ಟಾರ್ಟ್ ಒತ್ತಿ ‘ಯುಎಸಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆ ಹಳೆಯ ಸ್ಲೈಡರ್ ವಿಂಡೋಸ್ 11ರಲ್ಲೂ ಎದುರು ಬರುತ್ತದೆ. ಅದನ್ನು ತುತ್ತತುದಿಗೆ ಏರಿಸಿಡಿ. ಮನೆಯವರೆಲ್ಲ ಒಂದೇ ಕಂಪ್ಯೂಟರ್ ಬಳಸುವುದಾದರೆ ದಿನದ ಕೆಲಸಕ್ಕೆ ಎಲ್ಲರಿಗೂ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಡಿ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಒಬ್ಬರ ಹತ್ತಿರ ಇರಲಿ. ಪರದೆ ಮಬ್ಬಾದಾಗ ಪೆಟ್ಟಿಗೆಯಲ್ಲಿ ಬರೆದಿರುವ ಪ್ರೋಗ್ರಾಮಿನ ಹೆಸರನ್ನೂ ಅದನ್ನು ಮಾಡಿದವರ ಹೆಸರನ್ನೂ ಓದಿ, ಆಮೇಲೆ ಗುಂಡಿ ಒತ್ತಿ.