ಇಬ್ಬರ ಪಯಣ, ಒಬ್ಬರ ಬರಹ

ಪ್ರವಾಸ ಸಾಹಿತ್ಯ ಕನ್ನಡಕ್ಕೆ ಹೊಸದೇನಲ್ಲ. ವಿ. ಸೀತಾರಾಮಯ್ಯನವರು ಹಂಪೆಯನ್ನು ಕುರಿತು ಬರೆದ ‘ಪಂಪಾಯಾತ್ರೆ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಗೋಕಾಕರ ‘ಸಮುದ್ರದಾಚೆಯಿಂದ’, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ‘ಅಮೆರಿಕದಲ್ಲಿ ಗೊರೂರು’, ಇವೆಲ್ಲ ಸಹೃದಯರಿಗೆ ಪರಿಚಿತವಾದ ಹೆಸರುಗಳೇ. ಆದರೆ ವಿದೇಶ ಪ್ರವಾಸದ ನಮ್ಮ ಕಥನಗಳಲ್ಲಿ ಬಹುಮಟ್ಟಿಗೆ ಒಂದು ಸಮಾನ ಲಕ್ಷಣ ಕಾಣುತ್ತದೆ: ಆಚೆಯ ದಡದಲ್ಲಿ ಲೇಖಕರನ್ನು ಎದುರುಗೊಳ್ಳಲು ಯಾರಾದರೊಬ್ಬರು ಕಾದು ನಿಂತಿರುತ್ತಾರೆ. ಒಮ್ಮೆ ವಿದ್ಯಾಪೀಠ, ಒಮ್ಮೆ ಸ್ನೇಹಿತರು, ಒಮ್ಮೆ ಮಕ್ಕಳ ಮನೆ. ನಮ್ಮ ಲೇಖಕ ಪ್ರವಾಸಿ ಎನ್ನುವುದಕ್ಕಿಂತ ಅತಿಥಿಯಾಗಿ ಹೋದವನು.

ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಈ ಸಾಲಿನಿಂದ ಹೊರಗೆ ನಿಲ್ಲುವ ಕೃತಿ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಈ ಲೇಖಕಿ ಒಬ್ಬ ಗೆಳತಿಯನ್ನು ಜೊತೆಮಾಡಿಕೊಂಡು ದಕ್ಷಿಣ ಅಮೆರಿಕಕ್ಕೆ ಹೊರಟರು. ಅಲ್ಲಿ ನಮ್ಮವರಿಲ್ಲ, ನಮ್ಮ ಭಾಷೆಯಿಲ್ಲ. ಇಂಗ್ಲಿಷನ್ನೂ ಎಲ್ಲೆಡೆಯೂ ನಂಬುವಂತಿಲ್ಲ. ದಾರಿ ಕೇಳಬೇಕಾದರೆ ಅಪರಿಚಿತರನ್ನೇ ಕೇಳಬೇಕು.

ಇಂಥ ಪ್ರವಾಸದಿಂದ ಸಾಹಿತ್ಯಕ್ಕೇನು ಲಾಭ? ಲೀಮಾದಿಂದ ಕುಸ್ಕೋಗೆ ವಿಮಾನದಲ್ಲಿ ಒಂದೂವರೆ ಗಂಟೆಯೊಳಗೆ ತಲುಪಬಹುದು. ಬಸ್ಸಿನಲ್ಲಾದರೆ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ. ಸಮುದ್ರತೀರದಿಂದ ಸುಮಾರು 3,400 ಮೀಟರಿನ ಎತ್ತರಕ್ಕೆ ಏರುವುದೆಂದರೇನೆಂಬುದು ತಿರುವು ತಿರುವಿಗೂ ಮೈಗೆ ತಿಳಿಯುತ್ತದೆ. ಪಕ್ಕದ ಆಸನದ ಹೆಂಗಸಿನ ಮಡಿಲ ಗಂಟೂ ಕೋಳಿಯೂ ಕಾಣಿಸುವುದು ನೆಲದ ಮೇಲಿನ ದಾರಿಯಲ್ಲಿ. ಚರಿತ್ರೆಯೂ ಅಲ್ಲಿ ಬೇರೆ ಬಗೆಯಾಗಿ ಕೇಳಿಸುತ್ತದೆ. 1911ರಲ್ಲಿ ಹೈರಮ್ ಬಿಂಗ್ಹಮ್ ಮಾಚುಪಿಚುವನ್ನು ‘ಕಂಡುಹಿಡಿದ’ ಎಂದು ಪಠ್ಯಪುಸ್ತಕ ಹೇಳುತ್ತದೆ. ಆತ ಬೆಟ್ಟ ಹತ್ತಿದಾಗ ಅಲ್ಲಿ ರೈತ ಕುಟುಂಬಗಳು ಮೆಕ್ಕೆಜೋಳ ಬೆಳೆದುಕೊಂಡಿದ್ದವು; ದಾರಿ ತೋರಿಸಿದವರೂ ಆ ಸೀಮೆಯವರೇ. ಊರಿನವರನ್ನು ಕೇಳಿ ನಡೆಯುವ ಪ್ರವಾಸಿಗೆ ಈ ಎರಡನೆಯ ಮಾತು ಬೇಗ ಹೊಳೆಯುತ್ತದೆ.

ಹೊಗಳಿಕೆಯ ಜೊತೆಗೆ ಒಂದು ಕೊರಗನ್ನೂ ಹೇಳಬೇಕು. ಹೋದವರು ಇಬ್ಬರು, ಬರೆದವರು ಒಬ್ಬರು. ಒಂದೇ ತಿರುವಿನಲ್ಲಿ ಒಬ್ಬರು ಹಿಮಶಿಖರವನ್ನು ನೋಡುತ್ತಿದ್ದರೆ ಇನ್ನೊಬ್ಬರು ಉಳಿದ ಹಣವನ್ನು ಎಣಿಸುತ್ತಿರಬಹುದು. ಒಬ್ಬರ ಧೈರ್ಯ ಇನ್ನೊಬ್ಬರಿಗೆ ಹುಚ್ಚುತನವಾಗಿ ತೋರಿರಬಹುದು. ಆ ಎರಡನೆಯ ಕಥನ ನಮಗೆ ದೊರೆಯುವುದಿಲ್ಲ. ಇದು ಈ ಕೃತಿಯೊಂದರ ದೋಷವಲ್ಲ, ಆತ್ಮಕಥನ ರೂಪದ ಮಿತಿ. ನಾನಿರುವ ಸಿದ್ದಾಪುರದ ಬಸ್ ನಿಲ್ದಾಣದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು, ಭಾಷೆ ಬಾರದೆ ಇಬ್ಬಿಬ್ಬರಾಗಿ ಇಳಿಯುವವರನ್ನು ಆಗಾಗ ನೋಡುತ್ತೇನೆ. ಕಾಫಿತೋಟದ ಕೆಲಸಕ್ಕಾಗಿ ಅಸ್ಸಾಮಿನಿಂದ ಬಂದವರು ಅವರು. ನಮ್ಮ ಕೊಡಗು ಅವರ ಕಣ್ಣಿಗೆ ಹೇಗೆ ಕಂಡಿತೆಂಬುದನ್ನು ಬರೆದವರು ಯಾರು?

ಕೊನೆಗೆ ಒಂದು ಸ್ವಂತ ಮಾತು. ತರಗತಿಯಲ್ಲಿ ಈ ಪುಸ್ತಕವನ್ನು ಕುರಿತು ಒಂದು ಗಂಟೆ ಕಾಲ ಉತ್ಸಾಹದಿಂದ ಮಾತನಾಡಿ ಮನೆಗೆ ಬಂದೆ. ಅದೇ ಸಂಜೆ ಮಗಳು, ತಾನೂ ಗೆಳತಿಯೂ ಬಸ್ಸಿನಲ್ಲಿ ಹಂಪಿಗೆ ಹೋಗಿಬರುತ್ತೇವೆ ಎಂದಳು. “ಇಬ್ಬರೇ ಹುಡುಗಿಯರೆ? ಬೇಡ” ಎಂದುಬಿಟ್ಟೆ. ಅವಳು ಮೇಜಿನ ಮೇಲಿದ್ದ ಪುಸ್ತಕವನ್ನು ನೋಡಿ, “ಅಪ್ಪಾ, ಪೆರುವಿಗೆ ಹೋದರೆ ಸಾಹಿತ್ಯ, ಹಂಪಿಗೆ ಹೋದರೆ ಹುಡುಗಾಟವೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ದೂರದಲ್ಲಿ ನಡೆದ ಸಾಹಸವನ್ನು ಮೆಚ್ಚುವುದು ಸುಲಭ; ಅದು ಹೊಸ್ತಿಲಿಗೆ ಬಂದು ಅನುಮತಿ ಕೇಳಿದಾಗಲೇ ಓದಿನ ಪರೀಕ್ಷೆ.

ಎರಡು ದಿನ ಯೋಚಿಸಿ ಒಪ್ಪಿದೆ. ನಿಬಂಧನೆ ಒಂದೇ: ಇಬ್ಬರೂ ದಿನಚರಿ ಬರೆಯಬೇಕು, ಬೇರೆ ಬೇರೆಯಾಗಿ, ಒಬ್ಬರದನ್ನು ಇನ್ನೊಬ್ಬರು ನೋಡದೆ.