ನಮ್ಮ ಕತೆಗಳಲ್ಲಿ ಬೇಯದ ಬೇಳೆ

ಕನ್ನಡದ ಕತೆಯೊಂದರಲ್ಲಿ ಮುಸ್ಲಿಮರ ಮನೆ ಬಂತೆಂದರೆ ಅದರ ಹಿಂದೆಯೇ ಬಿರಿಯಾನಿಯ ಘಮವೂ ಬರುತ್ತದೆ. ಬರೆದವರು ಹಿಂದೂಗಳಾಗಿರಲಿ, ಮುಸ್ಲಿಮರಾಗಿರಲಿ, ಇದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಈದ್ ದಿನ ಗೆಳೆಯ ಬರುತ್ತಾನೆ, ಅವನಿಗೆ ಶೀರ್‌ಖುರ್ಮಾ ಸಿಗುತ್ತದೆ, ಅವನು ಸಸ್ಯಾಹಾರಿಯಾಗಿದ್ದರೆ ಮನೆಯ ಹೆಂಗಸು ಸಂಕೋಚದಿಂದ ಬೇರೆ ಪಾತ್ರೆ ಹುಡುಕುತ್ತಾಳೆ, ಅವನು ದೊಡ್ಡ ಮನಸ್ಸು ಮಾಡಿ ಉಣ್ಣುತ್ತಾನೆ. ಸೌಹಾರ್ದದ ಕತೆ ಮುಗಿಯಿತು. ಇಂಥ ಕತೆಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಕೆಟ್ಟ ಕಾಲದಲ್ಲಿ ಅವು ಒಳ್ಳೆಯ ಕೆಲಸವನ್ನೇ ಮಾಡಿವೆ. ಆದರೆ ವರ್ಷಕ್ಕೆ ಈದ್ ಬರುವುದು ಎರಡು ಸಲ. ಮದುವೆ, ಅಖೀಕಾ, ನಿಯಾಜ್ ಎಲ್ಲವನ್ನೂ ಸೇರಿಸಿದರೂ ಇಪ್ಪತ್ತು ಮೂವತ್ತು ದಿನ ದಾಟುವುದಿಲ್ಲ. ಉಳಿದ ಮುನ್ನೂರ ಚಿಲ್ಲರೆ ಸಂಜೆಗಳಲ್ಲಿ ಆ ಮನೆಯ ಒಲೆಯ ಮೇಲೆ ಏನಿತ್ತು? ಈ ಪ್ರಶ್ನೆಗೆ ನಮ್ಮ ಕಥಾಸಾಹಿತ್ಯ ಕೊಡುವ ಉತ್ತರ ಬಹಳ ತೆಳುವಾಗಿದೆ.

ಉತ್ತರ ಯಾಕೆ ತೆಳುವಾಯಿತೆಂಬುದಕ್ಕೆ ಒಂದು ಸುಳಿವು ನಮ್ಮ ಹೆಂಗಸರ ಮಾತಿನಲ್ಲೇ ಇದೆ. ದಖ್ಖನಿ ಮಾತಾಡುವ ಯಾವ ಮೊಹಲ್ಲಾಕ್ಕೆ ಹೋದರೂ ಮಗ್ರಿಬ್ ಹೊತ್ತಿಗೆ ಬಾಗಿಲಿಂದ ಬಾಗಿಲಿಗೆ ದಾಟುವ ಪ್ರಶ್ನೆ ಒಂದೇ: "ಕ್ಯಾ ಪಕಾಯೇ ಆಪಾ?" ಉತ್ತರವೂ ಹೆಚ್ಚುಕಡಿಮೆ ಒಂದೇ: "ಕುಚ್ ನೈ ಮಾ, ದಾಲ್ ಚಾವಲ್." ಪಕ್ಕದ ಬೀದಿಯ ಕನ್ನಡದ ಹೆಂಗಸೂ ಇದನ್ನೇ ಹೇಳುತ್ತಾಳೆ: "ಏನಿಲ್ಲ ಕಣ್ರೀ, ಒಂದು ಸಾರು." ಈ 'ಕುಚ್ ನೈ', ಈ 'ಏನಿಲ್ಲ' ಎಂಬ ಮಾತನ್ನು ನಮ್ಮ ಸಾಹಿತ್ಯ ಅಕ್ಷರಶಃ ನಂಬಿಬಿಟ್ಟಿತು. ಏನೂ ಇಲ್ಲದ್ದನ್ನು ಬರೆಯುವುದೇನು ಎಂದುಕೊಂಡಿತು.

ಆ 'ಏನಿಲ್ಲ'ದೊಳಗೆ ಏನೇನಿದೆ ಎಂದು ಒಮ್ಮೆ ನೋಡೋಣ. ತೊಗರಿಬೇಳೆ, ಅರಿಸಿನ, ಹಸಿಮೆಣಸಿನಕಾಯಿ, ಟೊಮೆಟೊ, ಕಾಲಕ್ಕೆ ತಕ್ಕಂತೆ ಹುಣಸೆಹುಳಿ ಇಲ್ಲವೆ ಮಾವಿನಕಾಯಿ, ಮೇಲೆ ಜೀರಿಗೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಬಘಾರ್. ಬೇಳೆಗೂ ಕಾಸಿಲ್ಲದ ದಿನ ಖಟ್ಟಾ: ಹುಣಸೆಯ ತಿಳಿ, ಈರುಳ್ಳಿ, ಸಿಕ್ಕರೆ ನಾಲ್ಕು ಬದನೆಕಾಯಿ. ಅದನ್ನು ಮಾಡುವ ಬಗೆ ಮನೆಗೊಂದು. ಹುರುಳಿ ಬೇಯಿಸಿದ ದಿನ 'ಕುಲ್ಥಿ ಕಾ ಕಟ್'. ಈ 'ಕಟ್' ಎಂಬುದು ಬಸ್ಸಾರಿಗೆ ಬಸಿಯುವ ನಮ್ಮ ಕನ್ನಡದ ಕಟ್ಟೇ ಅಲ್ಲವೇ? ಹುಣಸೆಮರ ಎಳೆ ಎಲೆ ಬಿಟ್ಟಾಗ ಮಾಡುವ ಸಾಲನ್‌ಗೆ ಹೆಸರು 'ಚಿಗುರ್'. ಅಂಬಾಡೆ ಕೀ ಭಾಜಿ ಎಂದರೆ ಉತ್ತರ ಕರ್ನಾಟಕದ ಪುಂಡಿಪಲ್ಯದ ಸೊಪ್ಪೇ. ಕೋಲಾರ, ತುಮಕೂರು ಕಡೆಯ ಹಳ್ಳಿಗಳಲ್ಲಿ ರಾಗಿಮುದ್ದೆಗೆ ಸೊಪ್ಪಿನ ಸಾಲನ್, ಕಲಬುರಗಿ ಕಡೆ ಜೋಳದ ರೊಟ್ಟಿಗೆ ಬೇಳೆ, ಕರಾವಳಿಯ ಬ್ಯಾರಿ ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿಗೆ ಚಟ್ನಿ, ಅದೃಷ್ಟವಿದ್ದರೆ ಸುಟ್ಟ ಒಣಮೀನು. ಕನ್ನಡ ನಾಡಿನ ಮುಸ್ಲಿಮರು ಈ ಮಣ್ಣಿಗೆ ಎಷ್ಟು ಸೇರಿದವರೆಂದು ಸಾಬೀತುಪಡಿಸಲು ವೇದಿಕೆಗಳಲ್ಲಿ ಶರೀಫಜ್ಜನನ್ನೂ ನಿಸಾರ್ ಅಹಮದರನ್ನೂ ಮತ್ತೆ ಮತ್ತೆ ಕರೆತರುತ್ತೇವೆ. ಆ ಇಬ್ಬರು ಹಿರಿಯರಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟು ಅಡುಗೆಮನೆಯ ಶಬ್ದಕೋಶವನ್ನು ತೆರೆದರೂ ಸಾಕಿತ್ತು.

ಹಾಗೆಂದು ಮುಸ್ಲಿಮರೂ ದಿನವೂ ಸೊಪ್ಪುಸದೆ ತಿನ್ನುವವರೇ, ನಮ್ಮನ್ನು ಒಪ್ಪಿಕೊಳ್ಳಿ ಎಂಬ ಅರ್ಜಿಯಾಗಿ ಇದನ್ನು ಓದಬಾರದು. ಮಾಂಸ ಬಡವರ ಮನೆಯ ಗೌರವದ ಆಹಾರ, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ನನ್ನ ತಕರಾರಿರುವುದು 'ಸಸ್ಯಾಹಾರಿ', 'ಮಾಂಸಾಹಾರಿ' ಎಂಬ ಎರಡು ಡಬ್ಬಿಗಳ ಬಗ್ಗೆ. 2014ರ ಸರ್ಕಾರಿ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 79 ಮಂದಿ ಮಾಂಸಾಹಾರಿಗಳು. ಸರಿ, ಆದರೆ ಆ 79 ಮಂದಿಯ ಮಂಗಳವಾರದ ರಾತ್ರಿಯೂಟ ಯಾವ ಡಬ್ಬಿಗೆ ಸೇರುತ್ತದೆ? ದಾಲ್ಚಾವನ್ನೇ ನೋಡಿ. ಕಾಲು ಕಿಲೋ ಮೂಳೆಮಾಂಸ, ಒಂದು ಸೋರೆಕಾಯಿ, ಒಂದು ಪಾವು ಬೇಳೆ, ಉಣ್ಣುವವರು ಏಳು ಜನ. ಮಾಂಸ ಹೆಸರಿಗೆ, ಸೋರೆಕಾಯಿ ಹೊಟ್ಟೆಗೆ. ಮಾಂಸವಿಲ್ಲದ ದಿನ ಅದೇ ಪಾತ್ರೆಯಲ್ಲಿ ಅದೇ ಅಡುಗೆ ಮಾಂಸವಿಲ್ಲದೆ ಆಗುತ್ತದೆ, ಹೆಸರು ಮಾತ್ರ ದಾಲ್ಚಾ ಎಂದೇ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಗೋಶ್ತ್ ಒಂಟಿಯಾಗಿ ಬರುವುದೇ ಕಡಿಮೆ. ಪಾಲಕ್ ಗೋಶ್ತ್, ಕದ್ದೂ ಗೋಶ್ತ್ ಎಂದು ತರಕಾರಿಯ ಕೈ ಹಿಡಿದೇ ಬರುತ್ತದೆ. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿತು. ಆಗ ಪತ್ರಿಕೆಗಳಲ್ಲಿ ಧರ್ಮದ ಚರ್ಚೆ ನಡೆಯಿತು, ರಾಜಕೀಯದ ಚರ್ಚೆ ನಡೆಯಿತು. ಕಡಿಮೆ ಕಾಸಿಗೆ ಸಿಗುತ್ತಿದ್ದ ಮಾಂಸವನ್ನು ವಾರಕ್ಕೊಮ್ಮೆ ತರುತ್ತಿದ್ದ ಕೂಲಿಯವನ ಮನೆಯಲ್ಲಿ ಆ ಒಂದು ಸಂಜೆ ಏನು ಬೆಂದಿತು ಎಂಬ ಕತೆಯನ್ನು ನಾನಂತೂ ಓದಿಲ್ಲ.

ಈ ಡಬ್ಬಿಗಳು ಬರೀ ಮಾತಿನವಲ್ಲ. ಕೆಲವು ವರ್ಷಗಳ ಹಿಂದೆ ಬಾಡಿಗೆ ಮನೆ ಹುಡುಕುತ್ತಿದ್ದಾಗ ಮಾಲೀಕರೊಬ್ಬರು ನನ್ನ ಹೆಸರು ಕೇಳಿದ ಮೇಲೆ, "ತಪ್ಪು ತಿಳೀಬೇಡಿ ಸಾರ್, ನಾವು ಸಸ್ಯಾಹಾರಿಗಳಿಗೆ ಮಾತ್ರ ಕೊಡೋದು" ಎಂದರು. ನನ್ನ ಹೆಂಡತಿ ಮೆಲ್ಲಗೆ, "ನಮ್ಮ ಮನೇಲಿ ವಾರಕ್ಕೆ ಐದು ದಿನ ಬೇಳೆಸಾರೇ ರೀ" ಎಂದಳು. ಅವರು ನಕ್ಕರು. ನಂಬಲಿಲ್ಲ ಎನ್ನುವುದಕ್ಕಿಂತ ಅದು ಅವರಿಗೆ ಕೇಳಿಸಲೇ ಇಲ್ಲ ಎನ್ನಬೇಕು. ಯಾಕೆಂದರೆ ಅವರು ಓದಿದ ಕತೆಯಲ್ಲಿ, ನೋಡಿದ ಸಿನಿಮಾದಲ್ಲಿ, ರಂಜಾನ್ ತಿಂಗಳಲ್ಲಿ ಪತ್ರಿಕೆಗಳು ಪ್ರಕಟಿಸುವ ಹಲೀಮ್ ಕಬಾಬುಗಳ ಬಣ್ಣದ ಪುಟಗಳಲ್ಲಿ ಎಲ್ಲೂ ಬೇಳೆಸಾರಿನ ಮುಸ್ಲಿಮ್ ಮನೆ ಇರಲಿಲ್ಲ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಊಟದ ಜಗಳ ಓದುಗರಿಗೆ ನೆನಪಿರಬಹುದು. ಮಳಿಗೆಗಳಿಗೆ ಹಾಕಿದ ನಿಬಂಧನೆಗಳಲ್ಲಿ ಮದ್ಯ, ತಂಬಾಕುಗಳ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿದ್ದರು. ಮಂಡ್ಯದ ಜನ ಸಿಟ್ಟಾದರು, ಬಾಡೂಟ ಬೇಕೆಂದು ಪಟ್ಟು ಹಿಡಿದರು. ಆ ಸಿಟ್ಟು ನ್ಯಾಯವಾದದ್ದು, ಅನ್ನದ ಸಾಲಿನಲ್ಲಿರಬೇಕಾದ್ದನ್ನು ಚಟದ ಸಾಲಿಗೆ ಸೇರಿಸಿದ್ದು ಅವಮಾನವೇ. ಆದರೆ ಆ ವಾಗ್ವಾದವೂ ಹಬ್ಬದೂಟದ ಸುತ್ತಲೇ ತಿರುಗಿತು. ಹೋಳಿಗೆಯ ಔತಣಕ್ಕೆ ಎದುರಾಗಿ ಬಾಡಿನ ಔತಣ. ದಿನದ ಊಟಕ್ಕೆ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕುವವರು ಯಾರೂ ಇರಲಿಲ್ಲ.

ಇದನ್ನು ಬರೆಯಲು ಸಾಧ್ಯವೇ ಇಲ್ಲವೆಂದೇನೂ ಅಲ್ಲ. ಪ್ರೇಮಚಂದರ 'ಈದ್‌ಗಾಹ್' ಕತೆಯನ್ನು ಶಾಲೆಯಲ್ಲಿ ಓದದವರು ಕಡಿಮೆ. ಹೆಸರು ಹಬ್ಬದ್ದು, ಪ್ರಾಣವೆಲ್ಲ ದಿನದ ರೊಟ್ಟಿಯದು. ತಬ್ಬಲಿ ಹುಡುಗ ಹಾಮಿದ್ ಈದ್ ಸಂತೆಯಲ್ಲಿ ತನ್ನ ಮೂರು ಪೈಸೆಗೆ ಮಿಠಾಯಿ, ಆಟಿಕೆ ಎಲ್ಲ ಬಿಟ್ಟು ಚಿಮಟವೊಂದನ್ನು ಕೊಳ್ಳುತ್ತಾನೆ. ಕಾವಲಿಯಿಂದ ರೊಟ್ಟಿ ತೆಗೆಯುವಾಗ ಅಜ್ಜಿ ಅಮೀನಾಳ ಬೆರಳು ಸುಡುವುದನ್ನು ಅವನು ದಿನವೂ ನೋಡಿದ್ದಾನೆ. ಈ ಕತೆಯನ್ನು ತ್ಯಾಗದ ನೀತಿಕತೆಯೆಂದು ಪಾಠ ಮಾಡಿ ಮಾಡಿ ಅದರ ಮುಖ್ಯ ಸಂಗತಿಯನ್ನೇ ನಮ್ಮ ಮೇಷ್ಟರುಗಳು ಮುಚ್ಚಿಬಿಟ್ಟಿದ್ದಾರೆ. ಊಟವನ್ನು ಮಗು ಅಡುಗೆಯವಳ ಬೆರಳಿನ ಕಡೆಯಿಂದ ನೋಡುತ್ತದೆ, ತಟ್ಟೆಯ ಕಡೆಯಿಂದಲ್ಲ. ಪ್ರೇಮಚಂದರದೇ 'ಕಫನ್', 1935ರಲ್ಲಿ ಮೊದಲು ಉರ್ದುವಿನಲ್ಲಿ ಅಚ್ಚಾದ ಕತೆ, ಇನ್ನೂ ಕಠೋರ. ಒಳಗೆ ಸೊಸೆ ಹೆರಿಗೆ ನೋವಿನಲ್ಲಿ ಸಾಯುತ್ತಿದ್ದಾಳೆ, ಹೊರಗೆ ಅಪ್ಪ ಮಗ ಕದ್ದು ತಂದ ಆಲೂಗಡ್ಡೆ ಸುಟ್ಟು ತಿನ್ನುತ್ತಿದ್ದಾರೆ. ತಿನ್ನುತ್ತಾ ಘೀಸೂ ಇಪ್ಪತ್ತು ವರ್ಷದ ಹಿಂದಿನ ಠಾಕೂರರ ಮದುವೆಯೂಟವನ್ನು ನೆನೆಯುತ್ತಾನೆ. ಹಬ್ಬದ ಊಟವೂ ದಿನದ ಊಟವೂ ಒಂದೇ ಬೆಂಕಿಯ ಮುಂದೆ ಬಂದು ನಿಲ್ಲುತ್ತವೆ, ಒಂದರ ಬೆಳಕಿನಲ್ಲಿ ಇನ್ನೊಂದರ ಕ್ರೌರ್ಯ ಕಾಣುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಕನ್ನಡದಲ್ಲೇ ದೇವನೂರ ಮಹಾದೇವರ 'ಒಡಲಾಳ' ಇದೆ. ಸಾಕವ್ವನ ಮನೆಯವರು ಕದ್ದು ತಂದ ಕಡಲೆಕಾಯಿಯನ್ನು ಬೆಂಕಿಯ ಸುತ್ತ ಕೂತು ರಾತ್ರಿಯಿಡೀ ಬಿಡಿಸಿ ತಿನ್ನುವ ಆ ಭಾಗವನ್ನು ಓದಿದವರು ಮರೆಯಲಾರರು. ಮಾಂಸವಿಲ್ಲ, ಅನ್ನವೂ ಇಲ್ಲ, ಕಡಲೆಕಾಯಿ ಅಷ್ಟೇ. ಆದರೂ ಒಂದು ಮನೆಯ ಪ್ರೀತಿ, ಜಗಳ, ಹಸಿವು, ಭಯ ಎಲ್ಲ ಅಲ್ಲಿವೆ. ದಲಿತ ಸಾಹಿತ್ಯ ತನ್ನ ಜನರ ಒಲೆಯ ಮುಂದೆ ಹೀಗೆ ಕೂತುಬಿಟ್ಟಿತು. ಅದೇ ಕಾಲಕ್ಕೆ ಬೆಳೆದ ಮುಸ್ಲಿಮ್ ಸಂವೇದನೆಯ ಕತೆಗಳು ತಲಾಖ್, ಬುರ್ಖಾ, ಮೌಲವಿ, ಕೋಮುಗಲಭೆಗಳ ಕಡೆ ಓಡಬೇಕಾಯಿತು. ಅದೂ ಆಗಬೇಕಾಗಿದ್ದ ಕೆಲಸವೇ. ಆದರೆ ದೊಡ್ಡ ಪ್ರಶ್ನೆಗಳನ್ನು ಎತ್ತುವ ಅವಸರದಲ್ಲಿ ಒಲೆಯ ಮೇಲಿಟ್ಟ ಪಾತ್ರೆ ಇಟ್ಟಲ್ಲೇ ಉಳಿಯಿತು.

ಇದಕ್ಕೆ ಒಂದು ಒಳ್ಳೆಯ ಅಪವಾದ ಬಾನು ಮುಷ್ತಾಕ್. ಅವರ ಹನ್ನೆರಡು ಕತೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್', ದೀಪಾ ಭಾಸ್ತಿಯವರ ಅನುವಾದದಲ್ಲಿ, 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅದರಲ್ಲಿ ಅರಬಿ ಕಲಿಸುವ ಮೇಷ್ಟರ ಮತ್ತು ಗೋಬಿ ಮಂಚೂರಿಯ ಕತೆಯೊಂದಿದೆ. ಆ ಯುವಕನಿಗೆ ಗೋಬಿ ಮಂಚೂರಿಯ ಮೇಲೆ ಇನ್ನಿಲ್ಲದ ಮೋಹ. ಹೆಣ್ಣು ನೋಡುವಾಗಲೂ ಅವನಿಗೆ ಅದೇ ಚಿಂತೆ, ಮದುವೆಯಾದ ಮೇಲೆ ಆ ಮೋಹ ಹೆಂಡತಿಯ ಮೈಮೇಲೆ ಏಟಾಗಿ ಬೀಳುತ್ತದೆ. ನಗುತ್ತಾ ಓದಿಸಿಕೊಳ್ಳುವ ಕತೆ ನಗು ನಿಂತ ಮೇಲೂ ಕಾಡುತ್ತದೆ. ಮುಸ್ಲಿಮ್ ಗಂಡಸಿನ ಹಂಬಲದ ತಿನಿಸಾಗಿ ಬಿರಿಯಾನಿಯ ಬದಲು ಹೂಕೋಸನ್ನು ಆರಿಸಿದ್ದೇ ಲೇಖಕಿಯ ಜಾಣತನ. ನಮ್ಮ ಸಣ್ಣ ಊರುಗಳ ಸಂಜೆಯ ಬೀದಿಯಲ್ಲಿ ಹಿಂದೂ ಮುಸ್ಲಿಮ್ ಎನ್ನದೆ ಎಲ್ಲ ಮಕ್ಕಳೂ ಮುತ್ತುವುದು ಆ ಕೆಂಪು ಬಾಣಲೆಯನ್ನೇ. (ಆ ಕೆಂಪು ಬಣ್ಣಕ್ಕೆ 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರವೇ ನಿಷೇಧ ಹಾಕಿತು, ಅದು ಬೇರೆ ವಿಷಯ.) ಗೋಬಿ ಮಂಚೂರಿಗೆ ಜಾತಿಯಿಲ್ಲ, ಮಾಂಸವಿಲ್ಲ, ಆದ್ದರಿಂದ ತಪ್ಪನ್ನು ಅಡುಗೆಯ ಮೇಲೆ ಹೊರಿಸುವಂತಿಲ್ಲ. ಉಳಿಯುವುದು ಬಡಿಸಲು ಕೇಳುವ ಗಂಡಸು ಮತ್ತು ಬಡಿಸಲಾಗದ ಹೆಂಗಸು.

ಆದರೂ ಅದು ದಿನದ ಊಟವಲ್ಲ, ಬಯಕೆಯ ತಿನಿಸು. ಬಾನು ಅವರ ಕತೆಯ ಹೆಂಡತಿ ಉಳಿದ ರಾತ್ರಿಗಳಲ್ಲಿ ಏನು ಮಾಡಿಹಾಕಿದಳು ಎಂಬಲ್ಲಿಂದ ಮುಂದಿನ ಕತೆಗಾರರು ಶುರುಮಾಡಬಹುದು. ಹಾಗೆ ಬರೆಯಲು ಹೊರಟವರಿಗೆ ತಿಳಿದಿರಬೇಕಾದ್ದು ಬಹಳವಿದೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆ ಬಿಚ್ಚುವ ಹೆಂಗಸಿನ ರಾತ್ರಿಯೂಟ ಎಷ್ಟು ಗಂಟೆಗೆಂದು ನಿರ್ಧರಿಸುವವಳು ಅವಳಲ್ಲ. ಕೂಲಿ ಕೈಗೆ ಬಂದ ಮೇಲೆ ಅಂಗಡಿ, ಅಂಗಡಿಯಾದ ಮೇಲೆ ಒಲೆ. ದಿನವಿಡೀ ಬಿಸಿನೀರಿನ ಗೂಡಿನಲ್ಲಿ ನೆನೆದು ಬೆಳ್ಳಗಾದ ಬೆರಳುಗಳಿಗೆ ಹಸಿಮೆಣಸಿನಕಾಯಿ ಹೇಗೆ ಉರಿಯುತ್ತದೆಂದು ತಿಳಿಯದೆ ಅವಳ ಬೇಳೆಸಾರನ್ನು ಬರೆಯಲಾಗದು. ಬೀಡಿ ಕಟ್ಟುವವಳು ಮೊರವನ್ನು ಮಡಿಲಲ್ಲಿಟ್ಟುಕೊಂಡೇ ಕುಕ್ಕರಿನ ಸೀಟಿ ಎಣಿಸುತ್ತಾಳೆ. ಅವಳ ಅನ್ನಕ್ಕೂ ಬಟ್ಟೆಗೂ ತಂಬಾಕಿನ ವಾಸನೆ.

ಬಿರಿಯಾನಿಯ ಕತೆಯಲ್ಲಿ ಮುಚ್ಚಿಹೋಗುವ ಇನ್ನೊಂದು ಸಂಗತಿಯಿದೆ. ದೊಡ್ಡ ಹಬ್ಬಗಳಲ್ಲಿ ದೇಗ್ ಇಳಿಸುವವರು ಗಂಡಸರು, ಬಾವರ್ಚಿಗೆ ಹೆಸರೂ ಇರುತ್ತದೆ, ಕೂಲಿಯೂ ಇರುತ್ತದೆ. ದಿನದ ದಾಲ್‌ಗೆ ಎರಡೂ ಇಲ್ಲ. ಮುನ್ನೂರು ಸಂಜೆಗಳ ಅಡುಗೆ ಸಾಹಿತ್ಯದಿಂದ ಬಿಟ್ಟುಹೋಯಿತೆಂದರೆ ಅದನ್ನು ಮಾಡಿದವಳ ಮುನ್ನೂರು ಸಂಜೆಗಳೂ ಬಿಟ್ಟುಹೋದವು ಎಂದೇ ಲೆಕ್ಕ. ಗಂಡ ಇಶಾ ಮುಗಿಸಿ ಬರುತ್ತಾನೆ, ಮಕ್ಕಳು ಹೋಮ್‌ವರ್ಕ್ ಬಿಟ್ಟು ದಸ್ತರ್‌ಖಾನಿನ ಸುತ್ತ ಕೂರುತ್ತಾರೆ, ಅತ್ತೆಗೆ ಹಲ್ಲಿಲ್ಲದ್ದರಿಂದ ಅನ್ನವನ್ನು ಬೇರೆಯಾಗಿ ಕಿವುಚಿಡಬೇಕು. ಎಲ್ಲರೂ ಎದ್ದ ಮೇಲೆ ಅವಳು ಪಾತ್ರೆ ಓರೆ ಮಾಡಿ ನೋಡುತ್ತಾಳೆ. ತಳ ಹಿಡಿದ ಅನ್ನ ಒಂದು ಹಿಡಿ, ಬೇಳೆ ಕೆಳಗೆ ನಿಂತು ತಿಳಿಯಷ್ಟೇ ಉಳಿದ ದಾಲ್. ಅದಕ್ಕೆ ಲೋಟದಷ್ಟು ಬಿಸಿನೀರು ಬೆರೆಸಿ, ಉಪ್ಪು ಹಾಕಿ, ಅಡುಗೆಮನೆಯ ಮಣೆಯ ಮೇಲೆ ಕೂತು ಉಣ್ಣುತ್ತಾಳೆ. ನಾಳೆ ಮಗ್ರಿಬ್ ಹೊತ್ತಿಗೆ ಪಕ್ಕದ ಮನೆಯವಳು ಕೇಳಿದರೆ ಅವಳ ಉತ್ತರ ಮತ್ತೆ 'ಕುಚ್ ನೈ' ಎಂದೇ.