ಬೇಸಿಗೆಯ ಕುರುಕ್ಷೇತ್ರ

ರಾಗಿ ಒಕ್ಕಣೆ ಮುಗಿದು ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ನಮ್ಮ ಕುಂದಾಣದ ಸುತ್ತಲಿನ ಹಳ್ಳಿಗಳ ಗೋಡೆಗಳ ಮೇಲೆ ಬಣ್ಣದ ಪೋಸ್ಟರುಗಳು ಕಾಣಿಸಿಕೊಳ್ಳುತ್ತವೆ. ಮೇಲೆ ದೊಡ್ಡಕ್ಷರದಲ್ಲಿ ‘ಕುರುಕ್ಷೇತ್ರ’, ಕೆಳಗೆ ಸಾಲು ಸಾಲಾಗಿ ಪಾತ್ರಧಾರಿಗಳ ಪಾಸ್‌ಪೋರ್ಟ್ ಫೋಟೊಗಳು. ಮಳೆ ಹಿಡಿಯುವವರೆಗೂ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಸೀಮೆಯಲ್ಲಿ ಯಾವುದಾದರೊಂದು ಊರಿನಲ್ಲಿ ರಾತ್ರಿ ಹಾರ್ಮೋನಿಯಂ ನುಡಿಯುತ್ತಲೇ ಇರುತ್ತದೆ. ನಾನು ಕಂಡ ಮೊದಲ ನಾಟಕ ಇದೇ. ಆಮೇಲೆ ಎಷ್ಟು ಸಲ ಕಂಡೆನೋ ಲೆಕ್ಕವಿಟ್ಟಿಲ್ಲ.

ಅಬ್ಬಾ ರೇಷ್ಮೆ ಗೂಡಿನ ವ್ಯಾಪಾರದವರು. ವಿಜಯಪುರದ ಮಾರುಕಟ್ಟೆಯಲ್ಲಿ ಸಿಕ್ಕ ರೈತರು “ಸಾಬ್ರೇ, ನಾಳಿದ್ದು ನಮ್ಮೂರಲ್ಲಿ ನಾಟ್ಕ, ಮಗೀನೂ ಕರ್ಕಂಡು ಬನ್ನಿ” ಎನ್ನುತ್ತಿದ್ದರು. ಅಮ್ಮಿಗೆ ಇದು ಹಿಡಿಸುತ್ತಿರಲಿಲ್ಲ. “ರಾತ್ರಿಯೆಲ್ಲಾ ಕೂತು ಫಜರ್ ಕಳಕೊಳ್ತೀರಿ” ಎಂಬುದು ಅವರ ತಕರಾರು. ಆದರೆ ನಾಟಕ ಮುಗಿಯುತ್ತಿದ್ದುದೇ ನಸುಕಿನಲ್ಲಿ. ದುರ್ಯೋಧನನ ತೊಡೆ ಮುರಿದ ಮೇಲೆ ನಾವು ಸೈಕಲ್ಲಿನಲ್ಲಿ ಊರು ಸೇರುವುದಕ್ಕೂ ಅಜಾನ್ ಆಗುವುದಕ್ಕೂ ಸರಿಹೋಗುತ್ತಿತ್ತು. ಅಬ್ಬಾ ವುಜೂ ಮಾಡಿ, ನಮಾಜು ಮುಗಿಸಿ ಮಲಗುತ್ತಿದ್ದರು. ನನಗೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಕರ್ಣನ ಹಾಡು ಕಿವಿಯಲ್ಲೇ ಇರುತ್ತಿತ್ತು.

ಉರ್ದು ಶಾಲೆಯಲ್ಲಿ ಓದಿದ ನನಗೆ ‘ಇಂದರ್ ಸಭಾ’ದ ಹೆಸರು ತಿಳಿದದ್ದು ಆಮೇಲೆ. ಲಖನೌದ ಆಗಾ ಹಸನ್ ಅಮಾನತ್ 1853ರಲ್ಲಿ ಬರೆದ ಆ ಗೀತನಾಟಕದಲ್ಲಿ ಇಂದ್ರನ ಸಭೆಯಿದೆ, ಹಸಿರು ಪರಿ ಇದ್ದಾಳೆ, ಅವಳು ಮೆಚ್ಚಿದ ರಾಜಕುಮಾರ ಗುಲ್ಫಾಮ್ ಇದ್ದಾನೆ. ಪಾರ್ಸಿ ಕಂಪನಿಗಳು ಅದನ್ನು ದೇಶದ ತುಂಬ ಹೊತ್ತು ತಿರುಗಿದವು. ಬಣ್ಣದ ಪರದೆ, ಸೀನರಿ, ಮಾತಿನ ನಡುವೆ ಎದ್ದು ನಿಲ್ಲುವ ಹಾಡು, ಇವೆಲ್ಲ ನಮ್ಮ ವೃತ್ತಿ ಕಂಪನಿಗಳಿಗೆ ಬಂದದ್ದು ಬಹುಮಟ್ಟಿಗೆ ಅವರಿಂದ ಮತ್ತು ಮರಾಠಿ ಸಂಗೀತ ನಾಟಕದಿಂದ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಮುಂದೆ ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದಿತು. ಆನೆ ಕುದುರೆ ನಮ್ಮ ಹಳ್ಳಿಗೆ ಬರಲಿಲ್ಲ, ಹಾಡು ಬಂತು. ಈ ರಂಗಭೂಮಿಯಲ್ಲಿ ನಮ್ಮವರೂ ಇದ್ದರು. ಗೌತಮ ಬುದ್ಧನಾಗಿ, ಷಹಜಹಾನನಾಗಿ ಹೆಸರು ಮಾಡಿ 1937ರಲ್ಲಿ ತೀರಿಕೊಂಡ ಮಹಮದ್ ಪೀರ್ ಅವರನ್ನು ಇಂದು ಎಷ್ಟು ಜನ ನೆನೆಯುತ್ತಾರೆ? 1936ರಲ್ಲಿ ತೆರೆಗೆ ಬಂದ ‘ಸಂಸಾರ ನೌಕೆ’ ಮೊದಲು ಅವರ ಚಂದ್ರಕಲಾ ನಾಟಕ ಮಂಡಳಿಯ ನಾಟಕವಾಗಿತ್ತು. ಬೀಳಗಿಯ ಅಕ್ಕತಂಗಿಯರಲ್ಲಿ ಗೋಹರಬಾಯಿ ಬಾಲಗಂಧರ್ವರ ರಂಗದಲ್ಲಿ ಹಾಡಿದರು, ಅಮೀರಬಾಯಿ ಹಿಂದಿ ಸಿನಿಮಾದಲ್ಲಿ ಮನೆಮಾತಾದರು. ಇದನ್ನೆಲ್ಲ ಸೌಹಾರ್ದದ ಭಾಷಣಕ್ಕೆ ಬಳಸಿಕೊಳ್ಳುವುದು ಸುಲಭ. ನನಗೆ ಅದಕ್ಕಿಂತ ಆ ಹಾಡು ನಾಟಕದೊಳಗೆ ಏನು ಮಾಡುತ್ತದೆ ಎಂಬುದು ಮುಖ್ಯ.

ಕತೆ ಬರೆಯಲು ತೊಡಗಿದ ಹೊಸತರಲ್ಲಿ ನಾನೂ ವಿದ್ಯಾವಂತರ ಮಾತನ್ನೇ ಆಡುತ್ತಿದ್ದೆ: ಹಾಡು ಬಂದರೆ ನಾಟಕ ನಿಲ್ಲುತ್ತದೆ, ಇದು ಹಾಡುಗಾರಿಕೆಯೇ ಹೊರತು ರಂಗಭೂಮಿಯಲ್ಲ. ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ.ವಿ. ಕಾರಂತರು ‘ಹಯವದನ’, ‘ಸತ್ತವರ ನೆರಳು’ ನಾಟಕಗಳಲ್ಲಿ ಹಾಡನ್ನು ಹೊಸ ರಂಗಭೂಮಿಗೆ ಕರೆತಂದಾಗ ನಗರದ ಪ್ರೇಕ್ಷಕರು ತಲೆದೂಗಿದರು. ಅದೇ ಜನ ಹಳ್ಳಿಯ ಕುರುಕ್ಷೇತ್ರವೆಂದರೆ ನಗುತ್ತಾರೆ. ಆ ನಗುವಿನಲ್ಲಿ ನಾನೂ ಒಂದಷ್ಟು ವರ್ಷ ಪಾಲುದಾರನಾಗಿದ್ದೆ.

ನನ್ನ ಅಭಿಪ್ರಾಯ ಬದಲಾದದ್ದು ಕುಂತಿಯೊಬ್ಬಳಿಂದ. ನಮ್ಮ ಕಡೆ ಗಂಡು ಪಾತ್ರಗಳೆಲ್ಲ ಊರವರದು. ದ್ರೌಪದಿ, ಕುಂತಿ, ಉತ್ತರೆಯರಿಗೆ ಮಾತ್ರ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಒಂದು ರಾತ್ರಿ ಊರಿನ ಕರ್ಣ ಹಾಡುತ್ತಿದ್ದ. ತಾಯಿ ಎದುರು ನಿಂತು ಮಕ್ಕಳ ಪ್ರಾಣ ಬೇಡಿದ್ದಾಳೆ. ಮಾತಿನಲ್ಲಾದರೆ ಅವನು ಅವಳಿಗೆ ಉತ್ತರ ಕೊಡಬೇಕು. ಹಾಡಿನಲ್ಲಿ ಆ ಬಲವಂತವಿಲ್ಲ. ಅವನು ಅವಳಿಂದ ಮುಖ ತಿರುಗಿಸಿ, ಮೈಕಿನ ಮುಂದೆ ಬಂದು, ನಮಗೆ ಹಾಡುತ್ತಾನೆ. ಅಂದರೆ ಹಾಡು ಅವನಿಗೆ ಅಡಗಿಕೊಳ್ಳುವ ಜಾಗ. ಅಷ್ಟು ಹೊತ್ತು ಕುಂತಿ ಏನು ಮಾಡಬೇಕು? ಹೆಚ್ಚಿನವರು ಸುಮ್ಮನೆ ನಿಂತು ಹಾರ್ಮೋನಿಯಂ ಕಡೆ ನೋಡುತ್ತಾರೆ. ಆ ರಾತ್ರಿಯ ಕಲಾವಿದೆ ಹಾಡು ಮುಗಿಯುವಷ್ಟರಲ್ಲಿ ಬಹಳ ನಿಧಾನವಾಗಿ ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಅಷ್ಟೇ. ಕೇಳಲು ಬಂದವಳು ಹೊರಟು ನಿಂತಂತಾಯಿತು. ಜನ ‘ಒನ್ಸ್ ಮೋರ್’ ಎಂದು ಕೂಗಿದರು, ಕರ್ಣ ಮತ್ತೆ ಪಲ್ಲವಿ ಎತ್ತಿಕೊಂಡ. ಎಲ್ಲ ಕೆಟ್ಟಿತು ಎಂದುಕೊಂಡೆ. ಅವಳು ಸೆರಗು ಇಳಿಸಲಿಲ್ಲ. ಎರಡನೆಯ ಸಲ ಅವನತ್ತ ನೋಡಲೂ ಇಲ್ಲ. ಒಂದೇ ಹಾಡು, ಬೇರೆಯೇ ಅರ್ಥ. ನಾಟಕ ನಿಂತಿರಲಿಲ್ಲ.

ಹಾಗೆಂದು ಎಲ್ಲವನ್ನೂ ಹೊಗಳಲಾರೆ. ಇಲ್ಲಿ ಪಾತ್ರಕ್ಕೆ ಬೆಲೆಯಿದೆ. ಪಾತ್ರ ಬೇಕಾದವನು ಹಣ ಕೊಡಬೇಕು. ಕೃಷ್ಣ, ದುರ್ಯೋಧನರದು ಹೆಚ್ಚು. ಮೇಷ್ಟ್ರ ಸಂಬಳ, ಸೀನರಿ, ಮೈಕ್‌ಸೆಟ್ಟು, ಕಲಾವಿದೆಯರ ಗೌರವಧನ ಇದರಿಂದಲೇ ಹುಟ್ಟಬೇಕಾದ್ದರಿಂದ ಪದ್ಧತಿಯನ್ನು ಬರಿದೇ ಬೈಯುವುದು ತಪ್ಪು. ಆದರೆ 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಜಮೀನಿನ ದುಡ್ಡು ರಂಗಕ್ಕೂ ಹತ್ತಿತು. ಹಣ ಕೊಟ್ಟವನಿಗೆ ಹಾಡು ಹೆಚ್ಚು. ಒಬ್ಬನೇ ಕೃಷ್ಣ ಸಾಲದೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾತ್ರ ಹಂಚುತ್ತಾರೆ. ಸಂಧಾನಕ್ಕೆ ಹೋದ ಕೃಷ್ಣ ಬೇರೆ, ರಥ ಹೊಡೆಯುವ ಕೃಷ್ಣ ಬೇರೆ. ಒಬ್ಬನದು ಒಂದೂವರೆ ಮನೆ ಶ್ರುತಿ, ಇನ್ನೊಬ್ಬನದು ನಾಲ್ಕು. ಹಣವಿಲ್ಲದ, ಕಂಠವಿರುವ ಹುಡುಗ ಸೈನಿಕನಾಗಿ ಈಟಿ ಹಿಡಿದು ನಿಲ್ಲುತ್ತಾನೆ. ನನಗೆ ಅತ್ಯಂತ ಸಂಕಟವಾಗುವುದು ಅವನನ್ನು ಕಂಡಾಗ.

ಇದನ್ನೆಲ್ಲ ಹೇಗೋ ಹಿಡಿದು ನಿಲ್ಲಿಸುವವರು ಹಾರ್ಮೋನಿಯಂ ಮೇಷ್ಟ್ರು. ಮೂರು ನಾಲ್ಕು ತಿಂಗಳು ಊರಲ್ಲೇ ಉಳಿದು, ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರಿಗೆ ರಾತ್ರಿ ಕಂದಪದ್ಯ ಕಲಿಸುವವರು. ಅವರ ವಾದ್ಯ ಯುರೋಪಿನಿಂದ ಬಂದದ್ದು. ಗಮಕ ನುಡಿಯಲಾರದೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಹಳ್ಳಿಯ ರಂಗ ಮಾತ್ರ ಒಂದು ದಿನವೂ ಹೊರಗಿಡಲಿಲ್ಲ. ಶ್ರುತಿ ತಪ್ಪಿದ ಭೀಮನನ್ನು ಬೆನ್ನು ಹಿಡಿದು ದಾರಿಗೆ ತರಲು ಅದಕ್ಕಿಂತ ಒಳ್ಳೆಯ ವಾದ್ಯವಿಲ್ಲ.

ಈಗೀಗ ಆ ಜಾಗಕ್ಕೆ ಕೀಬೋರ್ಡು ಬರುತ್ತಿದೆ. ಕೀಬೋರ್ಡಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಮೊದಲೇ ತುಂಬಿಟ್ಟ ತಾಳ ಹಾಡುವವನಿಗಾಗಿ ಕಾಯುವುದಿಲ್ಲ. ಈಚೆಗೆ ಒಂದು ಬೇಸಿಗೆಯಲ್ಲಿ ನಮ್ಮ ಹೋಬಳಿಯ ಹಳ್ಳಿಯೊಂದರಲ್ಲಿ ಕರ್ಣ ಚರಣದ ನಡುವೆ ಮರೆತು ನಿಂತ. ಕೀಬೋರ್ಡಿನ ತಾಳ ತನ್ನ ಪಾಡಿಗೆ ಓಡುತ್ತಿತ್ತು. ಪಕ್ಕದಲ್ಲಿದ್ದ ವಯಸ್ಸಾದ ಮೇಷ್ಟ್ರು ಕೈ ಚಾಚಿ ಅದರ ಗುಂಡಿ ಒತ್ತಿ ನಿಲ್ಲಿಸಿದರು. ತಮ್ಮ ಪೆಟ್ಟಿಗೆಯ ತಿದಿ ಎಳೆದು ಒಂದೇ ಸ್ವರ ಹಿಡಿದರು, ಬಹಳ ಹೊತ್ತು. ಕರ್ಣ ಅತ್ತ ನೋಡಿದ, ಉಸಿರು ತೆಗೆದುಕೊಂಡ, ಸಾಲು ನೆನಪಾಯಿತು.